ಕಾಕಾ ಕೂತ ಪೆಟ್ಟಿಗೆ

ಚಳಿಗಾಲದ ಬಟ್ಟೆ ಒಳಗಿಡುವಾಗ ಮಡಿಕೆಗಳ ನಡುವೆ ಕರ್ಪೂರದ ಬಿಲ್ಲೆ ಹಾಕಿದೆ. ಕಾವಾಸಾಕಿಯ ನಮ್ಮ ಪುಟ್ಟ ಫ್ಲ್ಯಾಟಿನ ತುಂಬ ಆ ವಾಸನೆ. ಮಗಳು ಮೂಗು ಮುಚ್ಚಿಕೊಂಡಳು. ನನಗೆ ದೇವರ ಬದಲು ಕಾಕಾ ನೆನಪಾದರು...

ಯೊಕೊಹಾಮಾ ಬಂದರಿನ ಹತ್ತಿರ ರೇಷ್ಮೆ ಅಂಗಡಿ ಇಟ್ಟಿದ್ದ ಸಿಂಧಿ ಮುದುಕರು ಅವರು. ಗಂಡನ ಕೆಲಸದ ನೆಪದಲ್ಲಿ ಮೈಸೂರಿನಿಂದ ಬಂದು ಭಾಷೆ ಬಾರದೆ ಒದ್ದಾಡುತ್ತಿದ್ದ ನನ್ನನ್ನು ಅಂಗಡಿಯಲ್ಲಿ ಕೂರಿಸಿ, ಚಹಾ ಕೊಟ್ಟು, ಜಪಾನಿ ಕಲಿಸಿದರು. ಜಗಳ ಆಡುವುದನ್ನೂ ಕಲಿಸಿದರು. ಅವರ ಅಜ್ಜ ಇಲ್ಲಿನ ರೇಷ್ಮೆಯನ್ನು ಕರ್ಪೂರದ ಮರದ ಪೆಟ್ಟಿಗೆಯಲ್ಲಿ ತುಂಬಿ ಸಿಂಗಾಪುರದ ಹಡಗು ಹತ್ತಿಸುತ್ತಿದ್ದರಂತೆ. ಅದು ಆಗ ಬ್ರಿಟಿಷರ ಸುಂಕವಿಲ್ಲದ ಬಂದರು. ಅಲ್ಲಿಳಿದ ಸರಕು ಜಾವಾಕ್ಕೂ ಮುಂಬಯಿಗೂ ಹೋಗುತ್ತಿತ್ತು. ಆದರೆ ಕಾಗದಪತ್ರಗಳಲ್ಲಿ ಭಾರತೀಯರೆಲ್ಲ ಬ್ರಿಟಿಷ್ ಪ್ರಜೆಗಳು. ಸುಂಕ ಬಿಟ್ಟು ಹೆಸರು ಕಿತ್ತುಕೊಂಡರು ಎಂದು ಕಾಕಾ ಗೊಣಗುತ್ತಿದ್ದರು.

ಕಾಕಾ ಬಳಿ ಉಳಿದಿದ್ದ ಅಂಥದೊಂದು ಪೆಟ್ಟಿಗೆಯನ್ನು ಯೊಕೊಹಾಮಾದ ಒಂದು ಚಿಕ್ಕ ಮ್ಯೂಸಿಯಂ ಪ್ರದರ್ಶನಕ್ಕೆ ಕೇಳಿ ಪಡೆಯಿತು. ಮೊದಲ ದಿನವೇ ಕಾಕಾ ನನ್ನನ್ನೂ ಕರೆದುಕೊಂಡು ಹೋದರು. ಫಲಕದಲ್ಲಿ ‘ಬ್ರಿಟಿಷ್ ವ್ಯಾಪಾರಿಯ ಪೆಟ್ಟಿಗೆ’ ಎಂದಿತ್ತು. ಅವರ ಮುಖ ಕೆಂಪೇರಿತು. ತಿದ್ದಿ ಎಂದು ಕೇಳಿದರೆ ಅಧಿಕಾರಿ ಹಲ್ಲಿನ ಸಂದಿಯಲ್ಲಿ ಗಾಳಿ ಎಳೆದುಕೊಂಡು, ಸ್ವಲ್ಪ ಕಷ್ಟ ಎಂದರು. ಇಲ್ಲಿ ಸ್ವಲ್ಪ ಕಷ್ಟ ಎಂದರೆ ಆಗುವುದಿಲ್ಲ ಎಂದೇ ಅರ್ಥ. ಮರ್ಯಾದಸ್ಥರು ಅಷ್ಟಕ್ಕೆ ಮನೆಗೆ ಹೋಗಬೇಕು. ಕಾಕಾ ಸುಮಿಮಾಸೆನ್, ಕ್ಷಮಿಸಿ, ಎಂದು ಸೊಂಟ ಬಗ್ಗಿಸಿ ವಂದಿಸಿದರು. ಆಮೇಲೆ ಸುತ್ತ ಕಟ್ಟಿದ್ದ ಹಗ್ಗ ದಾಟಿ ಪೆಟ್ಟಿಗೆಯ ಮೇಲೆ ಕೂತುಬಿಟ್ಟರು.

ಯಾರೂ ಜೋರು ಮಾಡಲಿಲ್ಲ. ಒಬ್ಬಾಕೆ ಚಹಾ ಕೂಡ ತಂದುಕೊಟ್ಟಳು. ನಾನೇ ನಾಚಿಕೆಯಿಂದ, ಎಲ್ಲರೂ ನೋಡುತ್ತಿದ್ದಾರೆ, ಏಳಿ ಎಂದು ಬೇಡಿಕೊಂಡೆ.

“ನೋಡಲಿ ಬೇಟಿ,” ಎಂದರು ಕಾಕಾ ಹಿಂದಿಯಲ್ಲಿ. “ನಮ್ಮಜ್ಜನನ್ನ ಇಷ್ಟು ವರ್ಷ ಯಾರೂ ನೋಡಿರಲಿಲ್ಲ.”

ಏನನ್ನಿಸಿತೋ... ನಾನೂ ಹಗ್ಗ ದಾಟಿ ಅವರ ಪಕ್ಕ ಕೂತೆ.

ಬಾಗಿಲು ಹಾಕುವ ಹೊತ್ತಿಗೆ ಅಧಿಕಾರಿ ಬೇರೆ ಚೀಟಿ ಬರೆದು ತಂದು ಅಂಟಿಸಿದರು: ಭಾರತೀಯ ವ್ಯಾಪಾರಿಯ ಪೆಟ್ಟಿಗೆ. ಕಾಕಾ ಕನ್ನಡಕ ಹಾಕಿಕೊಂಡು ಓದಿ, ಮಂಡಿ ಹಿಡಿದುಕೊಂಡು ಎದ್ದರು. ಪೆಟ್ಟಿಗೆಯನ್ನು ಶಾಶ್ವತವಾಗಿ ಅಲ್ಲಿಗೇ ಕೊಟ್ಟರು.

ಕಾಕಾ ಹೋಗಿ ವರ್ಷಗಳಾದವು. ಅಂಗಡಿ ಇದ್ದ ಜಾಗದಲ್ಲಿ ಹಗಲೂ ರಾತ್ರಿ ತೆರೆದಿರುವ ಕೊಂಬಿನಿ ಅಂಗಡಿ ಬಂದಿದೆ. ಆ ದಾರಿಯಲ್ಲಿ ಹೋಗುವುದನ್ನೇ ಬಿಟ್ಟಿದ್ದೆ. ಕಳೆದ ಭಾನುವಾರ ಮಗಳನ್ನು ಕರೆದುಕೊಂಡು ಮ್ಯೂಸಿಯಂಗೆ ಹೋದೆ. ಫಲಕ ಈಗ ಅಚ್ಚಾಗಿದೆ, ‘ಭಾರತೀಯ’ ಹಾಗೇ ಇದೆ. ಕಾಕಾ ಹೆಸರು ಎಲ್ಲೂ ಇಲ್ಲ. ಪಕ್ಕದಲ್ಲಿ ಮಾತ್ರ ಇನ್ನೊಂದು ಸೂಚನೆ, ಇಡೀ ಮ್ಯೂಸಿಯಂನಲ್ಲಿ ಬೇರೆಲ್ಲೂ ಇಲ್ಲದ್ದು: ದಯವಿಟ್ಟು ಪೆಟ್ಟಿಗೆಯ ಮೇಲೆ ಕೂರಬೇಡಿ.

ಇದರ ಮೇಲೆ ಯಾರು ಕೂರುತ್ತಾರೆ ಎಂದು ಮಗಳು ಜಪಾನಿಯಲ್ಲಿ ಕೇಳಿ ನಕ್ಕಳು.

“ನಾವು,” ಎಂದೆ.