ಗೋ, ವೆಂಟ್, ಗಾನ್ ಮತ್ತು ನಮ್ಮತ್ತೆ

ನಮ್ಮ ಯಜಮಾನರಿಗೆ ಎಲ್ಲರಂತೆ ತಲೆ ಒಂದೇ ಇದ್ದರೂ ಅದರ ಮೇಲೆ ಇಡುವುದಕ್ಕೆ ಮೂರು ಸಾಮಾನುಗಳಿದ್ದವು. ಚಪಳಗಾಂವದ ಮನೆಯಲ್ಲಿ ಇದ್ದಷ್ಟು ದಿನ ಮಾವನವರಂತೆ ಪಟಕಾ ಸುತ್ತಿಕೊಳ್ಳುವರು. ಗಾಡಿ ಹೂಡಿಕೊಂಡು ಅಕ್ಕಲಕೋಟಕ್ಕೆ ಹೋದರೆ, ಅದು ಸಂಸ್ಥಾನದ ಊರಾದ್ದರಿಂದ, ಕರಿಯ ಟೊಪ್ಪಿಗೆ. ರೈಲು ಹತ್ತಿ ಸೊಲ್ಲಾಪುರದಲ್ಲಿ ಇಳಿಯುವ ಹೊತ್ತಿಗೆ ಆ ಕರಿಯದು ಚೀಲದೊಳಗೆ ಹೋಗಿ ಖಾದಿಯ ಬಿಳಿಯದು ತಲೆಗೆ ಬಂದಿರುತ್ತಿತ್ತಂತೆ. ಊರಿಗೊಂದು ತಲೆ ಮಾಡುವವರನ್ನು ನಂಬುವುದು ಹೇಗೆಂದು ಆ ಮೂರನ್ನೂ ಗೂಟಕ್ಕೆ ತೂಗುಹಾಕುತ್ತ ನಾನು ಯೋಚಿಸುತ್ತಿದ್ದೆ. ಓದುಗ ಮಿತ್ರರೇ, ನೀವು ನಗಬಹುದು. ಆದರೆ ನನಗಾಗ ಹದಿನೇಳರ ವಯಸ್ಸು, ಲಗ್ನವಾದಂದಿನಿಂದ ಅವರು ನನ್ನ ಕೂಡ ಇದ್ದದ್ದು ಸೊಲ್ಲಾಪುರದ ಸಾಲೆಗೆ ಸೂಟಿ ಬಿಟ್ಟಾಗ ಮಾತ್ರ.

ಇಂಗ್ಲಿಷಿನ ಕ್ರಿಯಾಪದಗಳು ನಮ್ಮ ಮನೆಯೊಳಗೆ ಕಾಲಿಟ್ಟದ್ದೂ ಅದೇ ಚೀಲದಲ್ಲಿ. ನಮ್ಮ ಕಡೆ ಅಡುಗೆಮನೆ ಕನ್ನಡದ್ದು, ಸಾಲೆ ಮರಾಠಿಯದು. ಇವೆರಡನ್ನೂ ದಾಟಿ ಇಂಗ್ಲಿಷಿಗೆ ಹೋಗಬೇಕಾದವರ ಪಾಡು ಎರಡು ಹಳ್ಳ ಈಜಿ ಹೊಳೆಗೆ ಬಿದ್ದವರ ಪಾಡು. ಮ್ಯಾಟ್ರಿಕ್ ಪರೀಕ್ಷೆಯಲ್ಲಿ ಮಿಕ್ಕ ವಿಷಯಗಳೆಲ್ಲ ಕೈಹಿಡಿದು ಇಂಗ್ಲಿಷ್ ಒಂದೇ ಕೈಕೊಟ್ಟಿದ್ದರಿಂದ, ಆ ಬೇಸಿಗೆಯಲ್ಲಿ ಅವರು ಪಡಸಾಲೆಯ ಕಂಬಕ್ಕೆ ಒರಗಿ ಮುಂಜಾನೆಯಿಂದಲೇ ಗಟ್ಟಿಯಾಗಿ ಬಾಯಿಪಾಠ ಮಾಡತೊಡಗಿದರು. ಗೋ, ವೆಂಟ್, ಗಾನ್. ಸೀ, ಸಾ, ಸೀನ್. ಒಳಗೆ ಜೋಳ ಬೀಸುತ್ತಿದ್ದ ನನ್ನ ಕಲ್ಲಿನ ಸದ್ದೂ ಹೊರಗಿನ ಈ ಸದ್ದೂ ಒಂದಕ್ಕೊಂದು ಹೊಂದಿಕೊಂಡು ನಡೆಯುತ್ತಿದ್ದವು. ಅತ್ತೆಯವರಿಗೆ ಮಾತ್ರ ಇದು ಸರಿಬೀಳಲಿಲ್ಲ.

“ಶಿವವ್ವಾ, ನಿನ್ನ ಗಂಡ ಏನ ಬಡಬಡಸಾಕತ್ತಾನ ಕಿವಿಗೊಟ್ಟು ಕೇಳು,” ಎಂದರು ಒಂದು ದಿನ, ದನಿ ತಗ್ಗಿಸಿ. “ಅದರಾಗ ಯಾವಾಕಿದರ ಹೆಸರು ಐತೇನು ನೋಡು.”

ಅವರ ಸಂಶಯಕ್ಕೆ ಬೇರು ಇತ್ತು. ಹಿಂದಿನ ವರ್ಷ ಮೈಂದರ್ಗಿಯ ಒಬ್ಬ ಕಾರಕೂನ ಇಂಗ್ಲಿಷ್ ಕಲಿತು ಸೊಲ್ಲಾಪುರದಲ್ಲಿ ನೌಕರಿ ಹಿಡಿದವನು, ಊರಲ್ಲಿದ್ದ ಹೆಂಡತಿಯನ್ನು ಇಂದು ಕರೆಸುತ್ತೇನೆ ನಾಳೆ ಕರೆಸುತ್ತೇನೆ ಎನ್ನುತ್ತಲೇ ಅಲ್ಲಿ ಓದುಬರಹ ಬಲ್ಲ ಇನ್ನೊಬ್ಬಳನ್ನು ಕಟ್ಟಿಕೊಂಡಿದ್ದ. ಊರಲ್ಲಿದ್ದ ಆ ಹೆಂಡತಿ ಅತ್ತೆಯವರ ಅಣ್ಣನ ಮಗಳು. ಆ ಸುದ್ದಿ ಬಂದ ದಿನದಿಂದ ನನಗೂ ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ. ಅತ್ತೆ ಹೇಳದಿದ್ದರೂ ನಾನು ಕಿವಿಗೊಡುವವಳೇ ಇದ್ದೆ.

ನೀರಿನ ತಂಬಿಗೆ ಕೊಡುವ ನೆಪದಿಂದ ಕಂಬದ ಹತ್ತಿರ ನಿಂತು, “ಅಂದ್ರೇನ್ರಿ ಅದು?” ಎಂದು ಕೇಳುವುದು, ಅವರು ಹುರುಪಿನಿಂದ ಬಿಡಿಸಿ ಹೇಳುವುದು, ನಾನು ಅದನ್ನು ಅಡುಗೆಮನೆಗೆ ಒಯ್ದು ಅತ್ತೆಯ ಮುಂದೆ ಸುರಿಯುವುದು. ಹೀಗೆ ನನ್ನ ಇಂಗ್ಲಿಷ್ ವಿದ್ಯಾಭ್ಯಾಸ ಬೇಹುಗಾರಿಕೆಯಲ್ಲಿ ಆರಂಭವಾಯಿತು. ಹೋಗು ಎಂಬುದಕ್ಕೆ ಗೋ, ಹೋದ ಎಂಬುದಕ್ಕೆ ವೆಂಟ್ ಎಂದು ತಿಳಿಸಿದಾಗ ಅತ್ತೆ ರೊಟ್ಟಿ ಬಡಿಯುವ ಕೈ ನಿಲ್ಲಿಸಿದರು. ನಮ್ಮ ಹೋಗು ನಿನ್ನೆ ಹೋದರೂ ನಾಳೆ ಹೋದರೂ ಅದರ ಮೂಗು ಕಣ್ಣು ಅದೇ. ಹೊಸ್ತಿಲು ದಾಟಿದ ಗೋ ಮಾತ್ರ ಮರುದಿನ ಮುಖವೂ ಬೇರೆ, ಮನೆತನವೂ ಬೇರೆ ಮಾಡಿಕೊಂಡು ವೆಂಟ್ ಆಗಿ ನಿಂತಿದೆ. “ಹೋದ ಮ್ಯಾಲ ಗುರುತಽ ಸಿಗಲಾರದಂಗ ಆಗೂದು,” ಎಂದು ಅತ್ತೆ ನಿಟ್ಟುಸಿರು ಬಿಟ್ಟರು. ಪುಟ್ ಎಂಬುದು ಮೂರು ಕಾಲದಲ್ಲೂ ಪುಟ್ ಆಗಿಯೇ ಇರುವುದೆಂದು ಹೇಳಿದ ದಿನ ಮಾತ್ರ ಅವರಿಗೆ ಬಹಳ ಸಮಾಧಾನವಾಯಿತು. “ಇದೊಂದು ನಿಯತ್ತಿನ ಪ್ರಾಣಿ ನೋಡು,” ಎಂದರು. ಕಟ್ ಕೂಡ ಹಾಗೇ ಎಂದೆ. ಅದನ್ನೂ ಒಪ್ಪಿದರು.

ನನಗೆ ಕಸಿವಿಸಿಯಾದದ್ದು ಬೇರೆ ಕಡೆ. ಆ ಭಾಷೆಯ ಕ್ರಿಯಾಪದ ಯಾವಾಗ ಎಂಬುದನ್ನು ಅಷ್ಟು ಕಾಳಜಿಯಿಂದ ಹೇಳುತ್ತದೆ, ಯಾರು ಎಂಬುದಕ್ಕೆ ಬಾಯಿಯನ್ನೇ ತೆರೆಯುವುದಿಲ್ಲ. ಬಂದ, ಬಂದಳು, ಬಂದರು, ಬಂತು, ಎಲ್ಲವೂ ಕೇಮ್. ಮಾವನವರು ಹೊಲದಿಂದ ಬಂದರೂ ಕೇಮ್, ಅವರ ಹಿಂದೆ ಎಮ್ಮೆ ಬಂದರೂ ಕೇಮ್. ನಾವು ಗಂಡನ ಹೆಸರು ಹಿಡಿದು ಕರೆಯದ ಹೆಣ್ಣುಮಕ್ಕಳು. ಬಂದಾರ, ಉಂಡಾರ, ಮಲಗ್ಯಾರ ಎಂದು ಕ್ರಿಯಾಪದದ ತುದಿಯಲ್ಲೇ ಅವರನ್ನು ಮರ್ಯಾದೆಯಿಂದ ಕೂಡಿಸಿಕೊಂಡು ಜನ್ಮವಿಡೀ ಸಂಸಾರ ಮಾಡುವವರು. ಆ ತುದಿಯನ್ನೇ ಕತ್ತರಿಸಿಹಾಕಿದ ಭಾಷೆಯಲ್ಲಿ ನನ್ನ ಗಂಡನನ್ನು ನಾನು ಎಲ್ಲಿ ಇಟ್ಟುಕೊಳ್ಳಲಿ? ಅವರು ಅಲ್ಲಿ ಯಾರ ಗಂಡನೂ ಆಗಿ ಓಡಾಡಬಹುದಲ್ಲ ಎಂಬ ಭಯ ನನಗೆ.

ಕಾಲಗಳು ಮುಗಿದು, ಮಾತನ್ನು ಯಾವ ಭಾವದಿಂದ ಆಡಿದ್ದೆಂದು ತೋರಿಸುವ ರೂಪಗಳ ಪಾಠ ಬಂತು. ಇಲ್ಲದ್ದನ್ನು ಇದ್ದಂತೆ ಕಲ್ಪಿಸಿಕೊಂಡು ಆಡುವ ಮಾತಿಗೆ ಇಂಗ್ಲಿಷಿನವರು ಕ್ರಿಯಾಪದದ ವೇಷವನ್ನೇ ಬದಲಿಸುತ್ತಾರಂತೆ. ಇಫ್ ಐ ವೇರ್ ಅ ಕಿಂಗ್, ಎಂದು ಅವರು ಕಂಬಕ್ಕೆ ಹೇಳುತ್ತಿದ್ದರು. ನಾನು ರಾಜನಾಗಿದ್ದರೆ. ನಮ್ಮಲ್ಲೂ ಆ ಮಾತು ಉಂಟು, ಇಲ್ಲವೆನ್ನುವುದಿಲ್ಲ. ಆದರೆ ಅದನ್ನು ಪ್ರತಿದಿನ ನೂರು ಸಲ ಗಟ್ಟಿಯಾಗಿ ಅಭ್ಯಾಸ ಮಾಡುವ ಮನುಷ್ಯನ ಮನಸ್ಸು ಏನಾದೀತು? ಇಂದು ರಾಜನಾಗಿದ್ದರೆ ಎಂದವರು ನಾಳೆ ಲಗ್ನವಾಗದೆ ಇದ್ದಿದ್ದರೆ ಎನ್ನಲಾರರೇ? ನಾನು ಕಾಳು ಹಾಕುವುದನ್ನು ಮರೆತು ಬರಿಯ ಕಲ್ಲು ತಿರುವುತ್ತಿದ್ದೆ.

ಅದೇ ಪಾಠದಲ್ಲಿ ಅವರು ಇನ್ನೊಂದು ಮಾತು ಕಲಿಸಿದರು. ತನ್ನ ಬಗ್ಗೆ ಹೇಳಿಕೊಳ್ಳುವಾಗ ಶಲ್ ಎಂದರೆ ಮುಂದೆ ಆದೀತು ಎಂದಷ್ಟೇ. ವಿಲ್ ಎಂದರೆ ಆಗಿಸಿಯೇ ತೀರುತ್ತೇನೆಂಬ ಹಟ. ಮುಂದಿನ ಪರೀಕ್ಷೆಯಲ್ಲಿ ಅವರು ಪಾಸಾದರು. ಸೊಲ್ಲಾಪುರದ ಒಂದು ಗಿರಣಿಯ ಕಚೇರಿಯಲ್ಲಿ ನೌಕರಿಯೂ ಸಿಕ್ಕಿತು. ಬಟ್ಟೆಬರೆ ಒಯ್ಯಲು ಊರಿಗೆ ಬಂದವರು ಅಂಗಳದ ತುಳಸಿಯ ಹತ್ತಿರ ನಿಂತು, ನಗುನಗುತ್ತ, ಐ ಶಲ್ ಟೇಕ್ ಯೂ ಎಂದರು. ನಾನೂ ನಕ್ಕೆ, ನಕ್ಕು ಒಳಗೆ ಹೋಗಿ ಬೀಸುವ ಕಲ್ಲಿನ ಮುಂದೆ ಕುಳಿತು ಅತ್ತುಬಿಟ್ಟೆ. ಕಾರಕೂನನ ಹೆಂಡತಿ ನನ್ನ ಕಣ್ಣ ಮುಂದೆಯೇ ಇದ್ದಳು.

“ಯಾಕ ಅಳತಿ?” ಎಂದು ಅತ್ತೆ ಕೇಳಿದರು. ಶಲ್ಲಿಗೂ ವಿಲ್ಲಿಗೂ ಇರುವ ಅಂತರವನ್ನು ನಾನು ಬಿಕ್ಕುತ್ತಲೇ ವಿವರಿಸಿದೆ. ಅವರು ಪೂರ್ತಿ ಕೇಳಿ, ಎದ್ದು ಹೋಗಿ ಟ್ರಂಕು ತೆಗೆದು ಏನನ್ನೋ ಹುಡುಕತೊಡಗಿದರು.

ಮರುದಿನ ಮುಂಜಾನೆ ಅಕ್ಕಲಕೋಟ ರೋಡ್ ಸ್ಟೇಶನ್ನಿಗೆ ಗಾಡಿ ಹೂಡಿತ್ತು. ನಮ್ಮ ಯಜಮಾನರು ಅವ್ವನ ಕಾಲಿಗೆ ನಮಸ್ಕಾರ ಮಾಡಿ ಏಳುವಷ್ಟರಲ್ಲಿ ಅತ್ತೆ ನನ್ನನ್ನು ಕರೆದರು. ಮಣೆ ಹಾಕಿತ್ತು; ಪಕ್ಕದಲ್ಲಿ ಹೊಸ ಕುಪ್ಪಸದ ಖಣ, ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿನ ಕೊಂಬು. ಅತ್ತೆ ನನ್ನ ಹಣೆಗೆ ಕುಂಕುಮ ಹಚ್ಚಿ ಸೆರಗಿನಲ್ಲಿ ಉಡಿ ತುಂಬಿದರು. ದೂರ ಹೊರಟ ಹೆಣ್ಣಿಗೆ ಉಡಿ ತುಂಬುವುದು ನಮ್ಮಲ್ಲಿ ಎಲ್ಲರೂ ಮಾಡುವ ಶಾಸ್ತ್ರ; ತುಂಬಿದ ಮೇಲೆ ಆಕೆ ಹೊರಡಲೇಬೇಕು, ತುಂಬಿದ ಉಡಿ ಅದೇ ಹೊಸ್ತಿಲ ಒಳಗೆ ಹೊರಳಿ ಬಂದರೆ ಮನೆಗೆ ಕೇಡು ಎಂದು ಎಲ್ಲರಿಗೂ ಅಂಜಿಕೆ.

“ತವರಿಗೆ ಹೊಂಟಾಳೇನು?” ಎಂದು ಇವರು ಕೇಳಿದರು. ನನ್ನ ತವರು ಕಂದಲಗಾಂವ. ನನಗೂ ಹಾಗೇ ಅನಿಸಿತ್ತು.

“ಸೊಲ್ಲಾಪುರಕ್ಕ. ನಿನ್ನ ಕೂಡ.”

“ಅವ್ವಾ, ಇರಾಕ ಇನ್ನೂ ಖೋಲಿ ಸಿಕ್ಕಿಲ್ಲ. ಮುಂದ ಕರಕೊಂಡು ಹೋಗ್ತೀನಿ ಅಂತ ಹೇಳೀನಲ್ಲ ಆಕಿಗೆ?”

“ಸಿಗೂತನಕ ಅಲ್ಲೇ ನನ್ನ ತಂಗಿ ಮನ್ಯಾಗ ಇರ್ರಿ. ನಿಮ್ಮಪ್ಪಾರೂ ನನಗ ಶ್ರೀಶೈಲಕ್ಕ ಕರಕೊಂಡು ಹೋಗ್ತೀನಿ ಅಂತ ಹೇಳಿದ್ರು. ನಾನು ಇನ್ನೂ ಇಲ್ಲೇ ಅದೀನಿ. ಅವರಿಗೇನು ಇಂಗ್ಲಿಷ ಬರ್ತಿತ್ತೇನು?”

ಕಟ್ಟೆಯ ಮೇಲೆ ಎಲೆ ಹಾಕಿಕೊಳ್ಳುತ್ತಿದ್ದ ಮಾವನವರು ಕೈಯಲ್ಲೇ ಇದ್ದ ಸುಣ್ಣದ ಡಬ್ಬಿಯನ್ನು ಸುತ್ತಮುತ್ತ ಹುಡುಕತೊಡಗಿದರು. ನನಗೆ ನಗು ಬಂತು. ಇಷ್ಟು ದಿನ ಪಾಪದ ಆ ಶಲ್ಲು ವಿಲ್ಲುಗಳ ಮೇಲೆ ಗೂಬೆ ಕೂರಿಸಿದ್ದೆನಲ್ಲ! ಭವಿಷ್ಯತ್ಕಾಲವೆಂಬುದು ಎಲ್ಲ ಭಾಷೆಯ ಗಂಡಸರಿಗೂ ಪುಕ್ಕಟೆ ಸಿಗುವ ಕಾಲ, ಅದರಲ್ಲಿ ಕುಳಿತು ಕಾಯುವವರು ಮಾತ್ರ ಹೆಂಗಸರು ಎಂಬುದು ಅತ್ತೆಗೆ ನಮ್ಮ ಕನ್ನಡದಲ್ಲೇ ಗೊತ್ತಾಗಿಹೋಗಿತ್ತು. ನಮ್ಮ ಯಜಮಾನರ ಮನಸ್ಸಿನಲ್ಲಿ ಆ ದಿನ ನಿಜವಾಗಿ ಏನಿತ್ತೋ, ಸೊಲ್ಲಾಪುರದಲ್ಲಿ ಇಷ್ಟು ವರ್ಷ ಸಂಸಾರ ಮಾಡಿಯೂ ನಾನು ಕೇಳಿಲ್ಲ. ಕೇಳಿದರೆ ಹೇಳುವರು, ಹೇಳಿದ್ದನ್ನು ನಂಬುವುದೋ ಬಿಡುವುದೋ ಎಂಬ ಹೊಸ ತೊಡಕು ಯಾಕೆ?

ಅತ್ತೆ ಕಟ್ಟಿಟ್ಟಿದ್ದ ನನ್ನ ಗಂಟನ್ನೂ ಅವರು ಗಾಡಿಗೆ ಏರಿಸಿದರು. ತುಂಬಿದ ಸೆರಗನ್ನು ಎರಡೂ ಕೈಯಿಂದ ಹಿಡಿದು ಹತ್ತಿ ಕುಳಿತೆ. ಇನ್ನು ಮುಂಜಾನೆ ಕಲ್ಲಿನ ಮುಂದೆ ಅತ್ತೆ ಒಬ್ಬರೇ ಕೂಡಬೇಕು ಎಂಬುದು ನೆನಪಾಯಿತು. ಇಳಿದು ಓಡಿಹೋಗಿ ಅವರನ್ನು ತಬ್ಬಿಕೊಳ್ಳಬೇಕು, ಬರುವ ದೀಪಾವಳಿಯ ತನಕ ಇಲ್ಲೇ ಇರುತ್ತೇನೆ ಎನ್ನಬೇಕು ಅನಿಸಿ ಹೊರಳಿ ನೋಡಿದೆ. ಹಾಡಹಗಲಲ್ಲಿ ಆ ಮನೆಯ ತಲಬಾಗಿಲು ಮುಚ್ಚಿದ್ದನ್ನು ನಾನು ಅದೇ ಮೊದಲು ನೋಡಿದ್ದು. ಅತ್ತೆಗೆ ನನ್ನ ಮೇಲೂ ಸಂಶಯ. ಒಳಗಿನಿಂದ ಅಗಳಿ ಹಾಕಿಕೊಂಡಿದ್ದರು.