ಎರೇರಾ ಅವರಿಗೆ ಹಾಕದ ಎಲೆ

ನನ್ನ ಹೆಂಡತಿಯ ಹದಿಮೂರನೆಯ ದಿನದ ಊಟಕ್ಕೆ ನಾನೇ ಮನೆಗೆ ಹೋಗಿ ಕರೆದು ಬಂದಿದ್ದ ಅತಿಥಿಯೊಬ್ಬರಿಂದ ನಮ್ಮ ಕನ್ನಡ ಬಳಗದವರು ಕುರ್ಚಿ ಹೊರಿಸಿದರು. ಹೊರಿಸಿ, ಪಂಕ್ತಿಯಲ್ಲಿ ಕೂರಿಸದೆ, ಹಿಂದಿನ ಬಾಗಿಲಿನಿಂದ ಕಳಿಸಿದರು. 2005ರಲ್ಲಿ, ಡೈಮಂಡ್ ಬಾರ್ ಎಂಬ ಊರಿನ ಬಾಡಿಗೆ ಸಭಾಂಗಣವೊಂದರಲ್ಲಿ ನಡೆದದ್ದು. ಮೂರು ವರ್ಷಗಳಾದವು. ಮಾಡಿದವರು ಮರೆತಿದ್ದಾರೆ. ನಾನು ಮರೆತಿಲ್ಲವಾದ್ದರಿಂದ, ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆದಿಡುತ್ತಿದ್ದೇನೆ.

ಆ ಅತಿಥಿ ನಮ್ಮ ಪಕ್ಕದ ಮನೆಯವರು. 2001ರಲ್ಲಿ ನಾವು ಆ ಊರಿನ ಗುಡ್ಡದ ಮೇಲಿನ ಮನೆಗೆ ಬಂದಾಗ ಅವರು ಆಗಲೇ ನಿವೃತ್ತರು. ಕಲ್ವರ್ ಸಿಟಿಯ ಸ್ಟುಡಿಯೋಗಳಲ್ಲಿ ಸಿನಿಮಾ ಸೆಟ್ಟುಗಳಿಗೆ ಕಬ್ಬಿಣದ ಗೇಟು, ಸುರುಳಿ ಮೆಟ್ಟಿಲು ಮಾಡಿಕೊಡುತ್ತಿದ್ದವರು. ಅರಮನೆಯೆಲ್ಲ ಪ್ಲೈವುಡ್ಡಿನದು, ಬಾಗಿಲೊಂದು ಮಾತ್ರ ನಿಜವಾದದ್ದು, ಅದು ನನ್ನದು ಎಂದು ನಗುತ್ತಿದ್ದರು. ನನ್ನ ಹೆಂಡತಿಯ ಮಂಡಿಗಳು ಸೋತಾಗ, ನಾವು ಕೇಳದಿದ್ದರೂ ಬಂದು, ಮುಂಬಾಗಿಲಿನ ಮೂರು ಮೆಟ್ಟಿಲಿಗೆ ಕಬ್ಬಿಣದ ಕಟಕಟೆ ಹಾಕಿಕೊಟ್ಟರು. ಸರಳು ಎಷ್ಟು ದಪ್ಪವಿರಬೇಕೆಂಬುದಕ್ಕೆ ಅವಳ ಹಿಡಿಯ ಅಳತೆಯನ್ನೇ ತೆಗೆದುಕೊಂಡಿದ್ದರು. ಕಾರ್ಖಾನೆಗಳಲ್ಲಿ ಲೋಹದ ದೋಷ ಹುಡುಕುವುದೇ ನನ್ನ ವೃತ್ತಿಯಾಗಿತ್ತು. ಆ ಬೆಸುಗೆಯನ್ನು ನಾನು ಭೂತಗನ್ನಡಿ ಹಿಡಿದು ನೋಡಿದೆ. ದೋಷ ಸಿಗಲಿಲ್ಲ.

ಅವರ ಮನೆತನದ ಹೆಸರು ಎರೇರಾ. ಅದರ ಅರ್ಥವನ್ನು ಕೇಳಿದವಳು ನನ್ನ ಹೆಂಡತಿ. ಧಾರವಾಡದ ಕಡೆಯವಳಿಗೆ ಅಡ್ಡಹೆಸರು ಕೇಳದೆ ಯಾರ ಪರಿಚಯವೂ ಪೂರ್ತಿಯಾಗುತ್ತಿರಲಿಲ್ಲ. ಅವರು ಕಟಕಟೆಗೆ ಬಣ್ಣ ಬಳಿಯುತ್ತ ಸಾವಧಾನವಾಗಿ ವಿವರಿಸಿದರು. ಲ್ಯಾಟಿನ್ನಿನಲ್ಲಿ ಕಬ್ಬಿಣಕ್ಕಿರುವ ಶಬ್ದದಿಂದ ಬಂದ ಹೆಸರದು. ಕಬ್ಬಿಣವನ್ನು ತೆಗೆಯುವ, ಕಾಯಿಸಿ ಬಡಿಯುವ ಜಾಗ ಎಂದು ಅರ್ಥ. ಸ್ಪೇನಿನಲ್ಲಿ ಆ ಹೆಸರಿನ ಊರುಗಳು ಹಲವಿವೆ. ಆ ಊರುಗಳನ್ನು ಬಿಟ್ಟು ಹೋದವರು ಊರಿನ ಹೆಸರನ್ನೇ ತಮ್ಮ ಹೆಸರಿನ ಮುಂದೆ ಇಟ್ಟುಕೊಂಡರು. ಅವರು ಹಡಗು ಹತ್ತಿ ಮೆಕ್ಸಿಕೊಗೆ ಬಂದಾಗ ಹೆಸರೂ ಬಂತು.

"ನಿಮ್ಮ ಹಿರಿಯರೂ ಸ್ಪೇನಿನವರೋ?" ಎಂದೆ ನಾನು.

"ಅಯ್ಯೋ ಇಲ್ಲ. ನನ್ನ ಮುತ್ತಜ್ಜನ ಅಜ್ಜ ಸ್ಪೇನನ್ನು ಭೂಪಟದಲ್ಲೂ ಕಂಡವನಲ್ಲ. ಪಾದ್ರಿ ತಲೆಗೆ ನೀರು ಹಾಕಿದ ದಿನ ಈ ಹೆಸರನ್ನೂ ಕೊಟ್ಟ ಅಂತ ನಮ್ಮ ಮನೆಯ ಮಾತು. ಅದಕ್ಕೆ ಮೊದಲು ನಮ್ಮನ್ನು ಏನೆಂದು ಕರೆಯುತ್ತಿದ್ದರೋ ಯಾರಿಗೂ ಗೊತ್ತಿಲ್ಲ. ಹೆಸರು ಬಂದ ಮೇಲೆ ನಾವು ಕಬ್ಬಿಣ ಕಲಿತೆವು."

ಆ ಹೆಸರು ಎಷ್ಟು ಸಾಮಾನ್ಯವೆಂದು ತೋರಿಸಲು ಮನೆಯೊಳಗಿಂದ ಟೆಲಿಫೋನ್ ಡೈರೆಕ್ಟರಿ ತಂದು ಅವಳ ಮಡಿಲಲ್ಲಿ ತೆರೆದಿಟ್ಟರು. ಪುಟ ತಿರುವಿದರೂ ಎರೇರಾ, ಮತ್ತೆ ತಿರುವಿದರೂ ಎರೇರಾ. ಅವಳು ನನ್ನ ಕಡೆ ತಿರುಗಿ, "ಇಷ್ಟು ಮಂದಿ ಕಮ್ಮಾರರು ಇದ್ದೂ ಈ ಊರಾಗ ನನಗೊಂದು ಛಲೋ ರೊಟ್ಟಿ ಹಂಚು ಸಿಗವಲ್ದಲ್ರೀ!" ಎಂದಳು. ನಾನು ಇಂಗ್ಲಿಷಿನಲ್ಲಿ ಹೇಳಿದೆ. ಅವರು ಕುಂಚ ಕೆಳಗಿಟ್ಟು ನಕ್ಕರು. ಮುಂದಿನ ಭಾನುವಾರವೇ ಹಂಚು ಬಂತು.

ಆಮೇಲೆ ಅವಳು ನನ್ನ ಅನುಮತಿ ಕೇಳದೆ, ತನ್ನ ಹರಕು ಇಂಗ್ಲಿಷಿನಲ್ಲಿ, ನಮ್ಮ ಅಡ್ಡಹೆಸರನ್ನೂ ಅವರಿಗೆ ಹೇಳಿಬಿಟ್ಟಳು. ಕಮ್ಮಾರ. ನಮ್ಮದೂ ಅದೇ ಅರ್ಥ. ನಾನು ಓದುತ್ತಿದ್ದಾಗ ಹುಬ್ಬಳ್ಳಿಯ ಹಾಸ್ಟೆಲ್ಲಿನಲ್ಲಿ ಊಟದ ಮನೆಯ ಬಾಗಿಲಲ್ಲಿ ನಿಂತವನೊಬ್ಬ ನನ್ನನ್ನು ಕಂಡು, "ತಿದಿ ಊದಾಂವ ಬಂದ, ದಾರಿ ಬಿಡ್ರಲೇ" ಎಂದಿದ್ದ. ಅವನ ಅಂಗಿಯ ಬಣ್ಣ, ಅವನ ಹಿಂದೆ ನಕ್ಕವರ ಸಂಖ್ಯೆ ಈಗಲೂ ನೆನಪಿದೆ. ಅದೇ ವರ್ಷ ನಾನು ಅಡ್ಡಹೆಸರು ಬಿಟ್ಟು ಊರಿನ ಹೆಸರು ಹಾಕಿಕೊಂಡೆ. ಈ ದೇಶದ ನಮ್ಮ ಬಳಗದವರು ನನ್ನನ್ನು ಊರಿನ ಹೆಸರಿನಿಂದಲೇ ಬಲ್ಲರು. "ಅಂಕಲ್, ನಿಮ್ಮ ಮನೆದೇವರು ಯಾವುದು?" ಎಂದು ಮೂವರು ಬೇರೆ ಬೇರೆ ಸಂದರ್ಭಗಳಲ್ಲಿ ಕೇಳಿದ್ದಾರೆ. ಏತಕ್ಕೆ ಕೇಳುತ್ತಾರೆಂದು ನನಗೆ ಗೊತ್ತಿತ್ತು. ಮೂರು ಸಲವೂ ಮಾತು ತಪ್ಪಿಸಿದೆ.

"ನೀವು ಹೆಸರು ಬಿಟ್ರಿ. ಅಣ್ಣಾರು ಯಾರೋ ಕೊಟ್ಟದ್ದನ್ನ ಹೆಂಗ ಇಟ್ಕೊಂಡಾರ ನೋಡ್ರಿ," ಎಂದಳು ಅವಳು ಅಂದು. ಅವರನ್ನು ಅವಳು ಅಣ್ಣಾರು ಎಂದೇ ಕರೆಯುತ್ತಿದ್ದಳು.

ಕಾಯಿಲೆ ಮಂಡಿಯಿಂದ ಮೂತ್ರಪಿಂಡಕ್ಕೆ ಹೋಯಿತು. ನನಗೆ ಕಣ್ಣಿನ ಶಸ್ತ್ರಚಿಕಿತ್ಸೆಯಾಗಿದ್ದ ತಿಂಗಳುಗಳಲ್ಲಿ ಅವಳನ್ನು ಡಯಾಲಿಸಿಸ್ಸಿಗೆ ಡ್ರೈವ್ ಮಾಡಿಕೊಂಡು ಹೋದವರು ಅವರೇ. ಒಮ್ಮೆ ಬಳಗದ ಯಾರದೋ ಮನೆಯ ಸಾವಿಗೆ ಹೋಗಿ ಬಂದವಳು, ಸೂತಕದ ಮನೆಯಿಂದ ಹೊರಡುವವರು "ಹೋಗಿ ಬರ್ತೀನಿ" ಎನ್ನಬಾರದು, ಸುಮ್ಮನೆ ಎದ್ದು ನಡೆಯಬೇಕು ಎಂದು ಅವರಿಗೆ ತಿಳಿಸಿದ್ದಳು. ಅವರು ತಲೆಯಾಡಿಸಿದ್ದರು. ಕೊನೆಯ ವಾರ ಅವಳು ನನಗೆ ಹೇಳಿದ್ದು ಒಂದೇ: "ನನ್ನ ದಿನದ ಊಟಕ್ಕ ಅಣ್ಣಾರಿಗೆ ಮೊದಲ ಪಂಕ್ತಿಯೊಳಗ ಎಲಿ ಹಾಕ್ರಿ." ಬೇರೆ ಏನನ್ನೂ ಅವಳು ಕೇಳಲಿಲ್ಲ.

ಆ ದಿನ ನಾನು ಒಳಕೋಣೆಯಲ್ಲಿ ಪುರೋಹಿತರ ಮುಂದೆ ಕೂತಿದ್ದೆ. ಹೊರಗಿನ ವ್ಯವಸ್ಥೆಯನ್ನು ಬಳಗದ ದಂಪತಿಗಳಿಗೆ ವಹಿಸಿದ್ದೆ. ಎರೇರಾ ಅವರ ಬಗ್ಗೆ ಹೇಳಿಯೂ ಇದ್ದೆ, ಆದರೆ ಹೆಸರು ಹೇಳದೆ, ಪಕ್ಕದ ಮನೆಯವರು ಬರುತ್ತಾರೆ, ಮೊದಲ ಪಂಕ್ತಿಯಲ್ಲಿ ಕೂರಿಸಿ ಎಂದಷ್ಟೇ. ನಾನು ಎದ್ದು ಬರುವಷ್ಟರಲ್ಲಿ ಮೊದಲ ಪಂಕ್ತಿ ಉಂಡು ಎದ್ದಾಗಿತ್ತು. ಅವರು ಕಾಣಲಿಲ್ಲ. ಎರಡನೆಯ ಪಂಕ್ತಿಯಲ್ಲೂ ಕಾಣಲಿಲ್ಲ. ಮೊದಲ ಪಂಕ್ತಿಯಲ್ಲೇ ಊಟ ಮುಗಿಸಿ, ಅವಳು ಕಲಿಸಿದಂತೆ ಮಾತಿಲ್ಲದೆ ಎದ್ದು ಹೋಗಿದ್ದಾರೆಂದು ತಿಳಿದು ನಾನು ಕಣ್ಣೀರಿಟ್ಟೆ. ಅವಳ ಮಾತು ನಡೆಯಿತಲ್ಲ ಎಂಬ ಸಮಾಧಾನದ ಕಣ್ಣೀರು ಅದು. ಕೆಲವು ವಾರಗಳಲ್ಲೇ ಅವರ ಮನೆ ಖಾಲಿಯಾಯಿತು. ಸ್ಯಾನ್ ಡಿಯೇಗೊದಲ್ಲಿದ್ದ ಮಗಳು ಕರೆದುಕೊಂಡು ಹೋದಳಂತೆ. ಆಗಲೂ ಹೇಳದೆ ಹೋದರು. ನನ್ನ ಶೋಕಕ್ಕೆ ಅಡ್ಡ ಬರಬಾರದೆಂದಿರಬೇಕು ಎಂದುಕೊಂಡೆ.

ಎರಡು ತಿಂಗಳ ಮೇಲೆ ಆ ದಿನದ ಫೋಟೋಗಳ ಸಿಡಿ ಬಂತು. ಮೂರು ಚಿತ್ರಗಳಲ್ಲಿ ಅವರಿದ್ದರು. ಕಪ್ಪು ಕೋಟು, ಕಪ್ಪು ಟೈ, ಎರಡು ಕಂಕುಳಲ್ಲೂ ಮಡಿಸುವ ಕುರ್ಚಿಗಳು. ಒಂದರಲ್ಲಿ ನಮ್ಮವರೊಬ್ಬರು ಬೆರಳು ಚಾಚಿ ಎಲ್ಲಿಡಬೇಕೆಂದು ತೋರಿಸುತ್ತಿದ್ದರು.

ನಾನು ಆ ದಂಪತಿಗಳ ಮನೆಗೆ ಹೋಗಿ ಚಿತ್ರಗಳನ್ನು ಮುಂದಿಟ್ಟೆ.

"ಅಂಕಲ್, ಐ ಆಮ್ ಸೋ ಸಾರಿ," ಎಂದರು ಗಂಡ. "ಹಾಲ್ ಕಡೆಯಿಂದ ಹೆಲ್ಪರ್ಸ್ ಬರ್ಬೇಕಿತ್ತು. ಇವರು ಬಾಗಿಲ ಹತ್ರ ನಿಂತಿದ್ರು. ಹೆಸರು ಕೇಳ್ದೆ, ಎರೇರಾ ಅಂದ್ರು. ಮೆಕ್ಸಿಕನ್ ಹೆಸರಲ್ವಾ, ಸರಿ, ಹೆಲ್ಪರ್ ಇವರೇ ಇರ್ಬೇಕು ಅಂದ್ಕೊಂಡೆ."

"ಕೋಟು ಕಾಣಿಸಲಿಲ್ಲವೇ?"

"ಅದು ಯೂನಿಫಾರ್ಮ್ ಏನೋ ಅಂತ..."

"ಉಪವಾಸ ಏನೂ ಕಳಿಸಿಲ್ಲ ಅಂಕಲ್," ಎಂದರು ಹೆಂಡತಿ. "ಹಿಂದಿನ ಬಾಗಿಲಲ್ಲಿ ಡಬ್ಬಿ ತುಂಬಿ ಕೊಟ್ವಿ. ಅವರೇ ತಗೊಳ್ಲಿಲ್ಲ. ಅವರು ನಿಮ್ಮವರು ಅಂತ ನಮಗೇನ್ ಗೊತ್ತು?"

ಅವರು ಕೊಟ್ಟ ಕಾಫಿಯನ್ನು ಮುಟ್ಟದೆ ಎದ್ದೆ. ಅವರೂ ಉಳಿದವರೂ ಈ ಸಂಗತಿಯನ್ನು ಮುಂದೆ "ಅಂಕಲ್ ಸಿಟ್ಟು" ಎಂದು ಕರೆದರೆಂದು ನನಗೆ ತಿಳಿದಿದೆ.

2006ರಲ್ಲಿ ವಿಳಾಸ ಹುಡುಕಿ ರೈಲಿನಲ್ಲಿ ಸ್ಯಾನ್ ಡಿಯೇಗೊಗೆ ಹೋದೆ. ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಒಂದು ಬಾಳೆ ಎಲೆ ಚೀಲದಲ್ಲಿದ್ದವು. ಡೆಲ್ ಮಾರ್ ಹತ್ತಿರ ರೈಲು ಸಮುದ್ರದ ಅಂಚಿಗೇ ಹೋಗುತ್ತದೆ. ಎಲ್ಲರೂ ಕಿಟಕಿಯತ್ತ ತಿರುಗಿದರು. ನಾನು ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಜೋಡಿಸುತ್ತಿದ್ದೆ.

ಅವರು ಬಹಳ ಇಳಿದುಹೋಗಿದ್ದರು. ನನ್ನ ಕ್ಷಮಾಪಣೆಯನ್ನು ಪೂರ್ತಿ ಕೇಳಿದರು.

"ಕುರ್ಚಿಗಳು ಭಾರವಿರಲಿಲ್ಲ," ಎಂದರು. "ನಮ್ಮಲ್ಲೂ ಸಾವಿನ ಮನೆಗೆ ಬಂದವರೇ ಕುರ್ಚಿ ಹೊರುತ್ತಾರೆ. ನಿಮ್ಮಲ್ಲೂ ಹಾಗೆಯೇ ಇರಬೇಕು, ನನ್ನನ್ನು ಮನೆಯವನೆಂದು ಎಣಿಸಿದ್ದಾರೆ ಎಂದು ಸಂತೋಷಪಟ್ಟೆ. ಆ ಡಬ್ಬಿ ಕೈಗೆ ಕೊಟ್ಟಾಗ ತಿಳಿಯಿತು."

ನಾನು ಚೀಲದಿಂದ ಎಲೆ ತೆಗೆದೆ. ಅವರು ನನ್ನ ಕೈ ಹಿಡಿದರು.

"ಇವತ್ತು ಬೇಡ. ನಾನು ಬಂದದ್ದು ಆಕೆಯ ಊಟಕ್ಕೆ. ಅದು ಆಗಿಹೋಯಿತು. ಇದು ನಿಮ್ಮ ಊಟ, ಇನ್ನೊಮ್ಮೆ ಉಣ್ಣೋಣ."

ಅವರ ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು. ಮರುವರ್ಷ ಅವರು ತೀರಿಕೊಂಡರೆಂದು ಮಗಳ ಕಾಗದ ಬಂತು. ನನ್ನ ಹೆಂಡತಿ ನನ್ನಿಂದ ಕೇಳಿದ್ದು ಒಂದೇ ಒಂದು. ಅದನ್ನು ನಾನು ನಡೆಸಿಕೊಡಲಿಲ್ಲ. ಇನ್ನು ನಡೆಸಿಕೊಡಲು ದಾರಿಯೂ ಇಲ್ಲ.

ನನ್ನ ಪಾಲಿನ ತಪ್ಪನ್ನು ನಾನು ಬಲ್ಲೆ. ಅವರು ನನಗೆ ಏನಾಗಬೇಕೆಂದು ಬಳಗದವರಿಗೆ ಹೇಳಲು ಹೊರಟರೆ ಅದೇ ಅರ್ಥದ ನನ್ನ ಅಡ್ಡಹೆಸರನ್ನೂ ಹೇಳಬೇಕಾಗುತ್ತಿತ್ತು. ಅದಕ್ಕೇ ಪಕ್ಕದ ಮನೆಯವರು ಎಂದೆ. ಈಗ ಹೇಳುತ್ತಿದ್ದೇನೆ. ಬಳಗದ ಮಹನೀಯರೇ, ನಿಮ್ಮ ಸಾಲಿನಲ್ಲಿ ಕೂತು ಇಷ್ಟು ವರ್ಷ ಉಂಡವನು ಒಬ್ಬ ಕಮ್ಮಾರ. ಮೊದಲ ದಿನವೇ ನೀವು ಹೆಸರು ಕೇಳಿ, ನಾನು ಅದನ್ನು ಮುಚ್ಚಿಡದೆ ಹೇಳಿದ್ದರೆ, ನನ್ನ ಎಲೆಯನ್ನು ಎಲ್ಲಿ ಹಾಕುತ್ತಿದ್ದಿರಿ?