ಬಾವಿಯಿಲ್ಲದ ಕಡೆ ಎಳೆದ ಗೆರೆ

ಮೊನ್ನೆ ಸೂಪರ್ ಮಾರ್ಕೆಟ್ ಪೇಟೆಯ ಸ್ಟೇಷನರಿ ಅಂಗಡಿಯಲ್ಲಿ ಕಪ್ಪು ಶಾಯಿಯ ಬಾಟಲಿಯೊಂದು ಉರುಳಿ ಕೌಂಟರಿನ ಮೇಲೆ ಚೆಲ್ಲಿತು. ಆ ಘಾಟು ಮೂಗಿಗೆ ಬಡಿದದ್ದೇ ನಮ್ಮ ಕಚೇರಿಯ ನಕ್ಷೆ ಸಾಹೇಬರು ನೆನಪಾದರು...

ಅಂತರ್ಜಲದ ಕಚೇರಿಯಲ್ಲಿ ಆಗ ನಾನು ಹೊಸಬ. ಕಮಲಾಪುರದ ಸುತ್ತಲಿನ ಬಾವಿಗಳಿಗೆ ಟೇಪು ಇಳಿಬಿಟ್ಟು, ನೀರು ಎಷ್ಟು ಆಳದಲ್ಲಿದೆ ಎಂದು ಬರೆದು ತರುತ್ತಿದ್ದೆ. ಅವರು ಆ ಬಾವಿಗಳನ್ನು ಹಾಳೆಯ ಮೇಲೆ ಚುಕ್ಕೆಗಳಾಗಿ ಇಟ್ಟು, ಒಂದೇ ಮಟ್ಟದ ನೀರಿರುವ ಜಾಗಗಳನ್ನು ಸೇರಿಸಿ ಕಪ್ಪು ಶಾಯಿಯಲ್ಲಿ ಕೈಯಿಂದಲೇ ಗೆರೆ ಎಳೆಯುತ್ತಿದ್ದರು. ಬಾವಿಗಳೇ ಇಲ್ಲದ ಕಡೆ ಅವರ ಗೆರೆ ತುಂಡುತುಂಡಾಗುತ್ತಿತ್ತು. ಕೆಲವೊಮ್ಮೆ ನಿಂತೇ ಬಿಡುತ್ತಿತ್ತು.

ಆಮೇಲೆ ಕಂಪ್ಯೂಟರ್ ಬಂತು. ಅವೇ ಅಂಕಿಗಳನ್ನು ಕೊಟ್ಟರೆ ಇಡೀ ಸೀಮೆಯನ್ನು ನುಣುಪಾದ ನೀಲಿ ಹಾಸಿನಂತೆ ತೋರಿಸುತ್ತಿತ್ತು. ಹಿಗ್ಗಿನಿಂದ ಅವರಿಗೆ ತೋರಿಸಿದೆ. ಅವರು ಮಹಾಗಾಂವದ ಆಚೆ ಒಂದು ಕಡೆ ಬೆರಳಿಟ್ಟರು.

"ಇಲ್ಲಿ ಯಾವ ಬಾವಿ ಅಳದೀರಿ?"

"ಅಲ್ಲಿ ಬಾವಿ ಇಲ್ರೀ. ಆಜೂಬಾಜೂ ನೋಡಿ ಕಂಪ್ಯೂಟರೇ ಅಂದಾಜ ಮಾಡ್ಯದ."

"ಕೆಳಗ ಕರಿ ಕಲ್ಲ ಅದ ಬಾಬಾ. ಒಂದ ಹೊಲದಾಗ ನೀರು, ಬಾಜೂ ಹೊಲದಾಗ ಧೂಳು. ಗೊತ್ತಿಲ್ಲದಲ್ಲಿ ಖಾಲಿ ಬಿಡ್ರಿ."

ಖಾಲಿ ಬಿಟ್ಟರೆ ನಕ್ಷೆ ಚಂದ ಕಾಣುವುದಿಲ್ಲ ಎನಿಸಿತು. ಹಾಗೆಯೇ ಮೇಲಕ್ಕೆ ಕಳಿಸಿದೆ.

ಅದನ್ನೇ ನಂಬಿ ಅಲ್ಲಿನ ಶಾಲೆಯ ಬಳಿ ಬೋರು ಕೊರೆಸಿದರು. ನಾವಿಬ್ಬರೂ ಹೋಗಿದ್ದೆವು. ಹೆಣ್ಣುಮಕ್ಕಳು ಬೆಳಗಿನಿಂದಲೇ ಕೊಡ ಹಿಡಿದು ನಿಂತಿದ್ದರು. ಮಧ್ಯಾಹ್ನದವರೆಗೂ ಬೂದು ಧೂಳು ಹಾರಿತೇ ಹೊರತು ಒಂದು ಹನಿ ನೀರು ಬರಲಿಲ್ಲ... ಯಂತ್ರ ನಿಂತಾಗ ಮುದುಕಿಯೊಬ್ಬಳು ಮುಂದೆ ಬಂದಳು.

"ಇಲ್ಲಿ ನೀರ ಅದ ಅಂತ ಬರದವ್ರು ಯಾರ್ರೀ?"

ನಾನು ಯಂತ್ರದ ಕಡೆಗೆ ಮುಖ ತಿರುಗಿಸಿದೆ. ಸಾಹೇಬರು ತಲೆಯ ಮೇಲಿನ ಟೋಪಿ ತೆಗೆದು, "ನಾನೇ ಅವ್ವಾ. ತಪ್ಪಾಗ್ಯದ, ಮಾಫ್ ಮಾಡ್ರಿ" ಎಂದರು. ಆಕೆ ಬೈಯಲಿಲ್ಲ. ಖಾಲಿ ಕೊಡ ಎತ್ತಿಕೊಂಡು ಹೊರಟುಹೋದಳು.

ಕಚೇರಿಯಲ್ಲಿ ಕೇಳಿದಾಗಲೂ ಅವರು ಅದನ್ನೇ ಬರೆದುಕೊಟ್ಟರು. "ನಂದು ಮುಗೀಲಾಕ ಬಂದದ, ನಿಮ್ದು ಈಗ ಸುರು" ಎಂದಷ್ಟೇ ನನಗೆ ಹೇಳಿದರು. ಕೆಲವೇ ತಿಂಗಳಲ್ಲಿ ನಿವೃತ್ತರಾದರು. ಬೀಳ್ಕೊಡುಗೆಗೆ ಯಾರೂ ಮುಂದಾಗಲಿಲ್ಲ. ನಾನೂ...

ಮೊನ್ನೆ ಆ ಅಂಗಡಿಯಿಂದಲೇ ಆಟೋ ಹಿಡಿದು ಕೋಟನೂರಿನ ಅವರ ಮನೆಗೆ ಹೋದೆ. ಮಗಳು ಬಾಗಿಲು ತೆರೆದಳು. ಅವಳ ಅಬ್ಬಾ, ನಮ್ಮ ಸಾಹೇಬರು, ತೀರಿಕೊಂಡು ಎರಡು ವರ್ಷವಾಯಿತಂತೆ.

"ನೌಕರ್ಯಾಗ ಒಂದ ತಪ್ಪ ಮಾಡ್ಯಾರಂತ್ರೀ. ಮಂದಿ ಅದನ್ನೇ ಅಂತಿದ್ರು" ಎಂದಳು. ಮನೆಯವರಿಗೂ ಅವರು ನಿಜ ಹೇಳಿರಲಿಲ್ಲ.

ಆ ತಪ್ಪು ನನ್ನದು ಎಂದೆ. ಎಲ್ಲವನ್ನೂ ಹೇಳಿದೆ.

ಆಕೆ ಮೆಲ್ಲಗೆ, "ಇದು ಅವರು ಇದ್ದಾಗ ಹೇಳಬೇಕಿತ್ತಲ್ರೀ" ಎಂದಳು.